ಬಾತುಕೋಳಿಯ ಮಗುಚಿದ ರೆಕ್ಕೆ: ಕಟ್ಟುವುದು ಯಾವಾಗ, ಕತ್ತರಿಸುವುದು ಯಾವಾಗ

ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ನಾಲ್ಕು ಕತ್ತರಿಗಳಿವೆ. ದೊಡ್ಡದು ಬಟ್ಟೆಗೆ, ಸಣ್ಣದು ನೂಲಿಗೆ, ಮೂರನೆಯದು ಕಾಗದಕ್ಕೆ. ನಾಲ್ಕನೆಯದರ ಹಿಡಿಗೆ ಕೆಂಪು ದಾರ ಸುತ್ತಿದ್ದೇನೆ, ಅದು ಬಜಪೆಗೆ. ಬಜಪೆ ಎಂದರೆ ಇಲ್ಲಿ ಮಂಗಳೂರಿನ ವಿಮಾನ ನಿಲ್ದಾಣವಲ್ಲ, ನಮ್ಮ ಮನೆಯ ಗಂಡು ಬಾತುಕೋಳಿ. ಅವನ ಎರಡೂ ರೆಕ್ಕೆಗಳ ತುದಿ ಮೈಗೆ ಅಂಟದೆ ವಿಮಾನದ ರೆಕ್ಕೆಯಂತೆ ಅಡ್ಡಕ್ಕೆ ಚಾಚಿಕೊಂಡಿರುವುದನ್ನು ನೋಡಿ ಪಕ್ಕದ ಮನೆಯ ಮಕ್ಕಳು ಇಟ್ಟ ಹೆಸರು. ನಾಲ್ಕು ವರ್ಷದಿಂದ ಆ ಹೆಸರಿಗೇ ಓಡಿ ಬರುತ್ತಾನೆ.

ಪಶುವೈದ್ಯರು ಇದನ್ನು ಏಂಜಲ್ ವಿಂಗ್ ಎನ್ನುತ್ತಾರೆ. ನಾವು ಮನೆಯಲ್ಲಿ ರೆಕ್ಕೆ ಮಗುಚಿದೆ ಎನ್ನುತ್ತೇವೆ. ಬಾತು ಸಾಕುವ ನಾಲ್ಕಾರು ಮನೆಯವರು ನನ್ನ ಅಂಗಡಿಗೆ ಬ್ಲೌಸ್ ಕೊಡಲು ಬಂದಾಗ ಇದರ ಬಗ್ಗೆ ಕೇಳುತ್ತಾರೆ. ಎಲ್ಲರ ಪ್ರಶ್ನೆ ಒಂದೇ: ಹೇಗೆ ಕಟ್ಟಬೇಕು? ಎಷ್ಟು ದಿನ ಕಟ್ಟಬೇಕು? ಬಾತು ಬೆಳೆದದ್ದಾಗಿದ್ದರೆ ನನ್ನ ಉತ್ತರವೂ ಒಂದೇ. ಕಟ್ಟಬೇಡಿ. ಬೆಳೆದ ಬಾತುಕೋಳಿಯ ಮಗುಚಿದ ರೆಕ್ಕೆ ಕಟ್ಟಿದರೆ ನೇರವಾಗುವುದಿಲ್ಲ. ಅದಕ್ಕೆ ಮಾಡಬೇಕಾದ ಕೆಲಸ ಬೇರೆ ಇದೆ.

ರೆಕ್ಕೆಯನ್ನು ಅಂಗಿಯ ತೋಳೆಂದು ಭಾವಿಸಿ. ಭುಜ ಇದೆ, ಮೊಣಕೈ ಇದೆ, ಮಣಿಕಟ್ಟು ಇದೆ, ಅದರ ಮುಂದೆ ಕಫ್ ಇದ್ದ ಹಾಗೆ ಒಂದು ಚಿಕ್ಕ ಮುಂಗೈ. ಹಾರುವ ದೊಡ್ಡ ಗರಿಗಳು, ಸಾಮಾನ್ಯವಾಗಿ ಹತ್ತು, ಈ ಮುಂಗೈಗೆ ನೆಟ್ಟಿರುತ್ತವೆ. ಸರಿಯಾದ ರೆಕ್ಕೆ ಮಡಚಿದಾಗ ಈ ಗರಿಗಳು ಉಳಿದ ಗರಿಗಳ ಅಡಿಗೆ ಸರಿದು, ಬೀಸಣಿಗೆ ಮುಚ್ಚಿದಂತೆ ಮೈಗೆ ಅಂಟಿಕೊಳ್ಳುತ್ತವೆ. ಮಗುಚಿದ ರೆಕ್ಕೆಯಲ್ಲಿ ಭುಜ, ಮೊಣಕೈ ಎಲ್ಲ ಸರಿಯಾಗಿಯೇ ಇರುತ್ತದೆ. ಕಫ್ ಮಾತ್ರ ಹೊರಕ್ಕೆ ತಿರುಚಿ ಹೊಲಿದಂತೆ. ಹೀಗೆ ತಿರುಚುವುದು ಎಡ ರೆಕ್ಕೆಯಲ್ಲಿಯೇ ಹೆಚ್ಚು. ಎರಡೂ ಬದಿ ಆಗುವುದೂ ಉಂಟು, ಬಜಪೆಗೆ ಆದ ಹಾಗೆ.

ಇದು ಆಗುವುದು ಮರಿಯಾಗಿದ್ದಾಗ. ನಾಲ್ಕನೇ ವಾರದ ಆಸುಪಾಸಿನಿಂದ ಮುಂಗೈಯ ಗರಿಗಳು ಮೊಳೆಯತೊಡಗುತ್ತವೆ. ಹೊಸ ಗರಿಯ ಕೊಳವೆಯೊಳಗೆ ರಕ್ತ ತುಂಬಿರುತ್ತದೆ, ಹಾಗಾಗಿ ಅದು ಭಾರ. ಮರಿ ಮಿತಿಮೀರಿ ತಿಂದು ಬೇಗ ಬೆಳೆದರೆ ಗರಿ ಮುಂದೆ ಓಡುತ್ತದೆ, ಮಣಿಕಟ್ಟಿನ ಮೂಳೆ ಮತ್ತು ಸ್ನಾಯು ಹಿಂದೆ ಉಳಿಯುತ್ತದೆ. ಭಾರಕ್ಕೆ ಮುಂಗೈ ಜೋತು ಹೊರಕ್ಕೆ ತಿರುಗುತ್ತದೆ. ಮೂಳೆ ಎಳೆಯದಾಗಿರುವವರೆಗೆ ಅದನ್ನು ಒಳಕ್ಕೆ ಮಡಚಿ ಕೂರಿಸಬಹುದು. ಗಟ್ಟಿಯಾದ ಮೇಲೆ ಇಲ್ಲ. ಕಾಲರಿನೊಳಗೆ ಬಕ್ರಂ ಓರೆಯಾಗಿ ಅಂಟಿಬಿಟ್ಟರೆ ಮತ್ತೆ ಎಷ್ಟು ಇಸ್ತ್ರಿ ಹಾಕಿದರೂ ಅದು ಓರೆಯೇ, ಹಾಗೆ.

ಮೊದಲು ರೋಗ ಯಾವುದೆಂದು ತಿಳಿಯಿರಿ

ರೆಕ್ಕೆ ಸರಿಯಿಲ್ಲ ಎಂದು ಕಂಡ ಕೂಡಲೇ ಮಗುಚಿದೆ ಎಂದುಕೊಳ್ಳಬೇಡಿ. ನಾನು ಹಾಗೆ ಅಂದುಕೊಂಡು ಒಂದು ಇಡೀ ದಿನ ಹಾಳು ಮಾಡಿದ್ದೇನೆ.

ನಮ್ಮಲ್ಲಿ ಬೆಳ್ಳಿ ಎಂಬ ಪೆಕಿನ್ ಜಾತಿಯ ಬಿಳಿ ಹೆಣ್ಣು ಇದೆ. ಯಜಮಾನರು ಮಲ್ಪೆಯ ಬೋಟಿನಲ್ಲಿ ದುಡಿಯುವವರು. ಹಳೆಯ ಬಲೆಯ ತುಂಡು ಮನೆಗೆ ಬಂದರೆ ಬಿಸಾಡುವ ಪದ್ಧತಿ ನಮ್ಮಲ್ಲಿಲ್ಲ. ಗಿಡುಗ ಎರಗದಿರಲೆಂದು ಗೂಡಿನ ಅಂಗಳಕ್ಕೆ ಅದನ್ನೇ ಹೊದಿಸಿದ್ದೆವು. ಒಂದು ಬೆಳಿಗ್ಗೆ ಬೆಳ್ಳಿಯ ಬಲ ರೆಕ್ಕೆ ಇಳಿಬಿದ್ದಿತ್ತು. ಮತ್ತೊಂದು ಬಜಪೆ ಆಯಿತಲ್ಲ ಎಂದುಕೊಂಡು ಅಂಗಡಿಗೆ ಹೋದೆ, ಮದುವೆಯ ಬ್ಲೌಸುಗಳ ರಾಶಿ ಇತ್ತು. ಸಂಜೆ ಬಂದು ಮುಟ್ಟಿದರೆ ರೆಕ್ಕೆ ಬಿಸಿ, ಮೊಣಕೈಯ ಕೆಳಗೆ ಬಾವು. ಕೈ ತಾಗಿದ ಕೂಡಲೇ ಕೂಗಿತು. ರಾತ್ರಿ ಬಲೆ ಇಳಿಬಿದ್ದು ಅದರಲ್ಲಿ ಸಿಕ್ಕಿಕೊಂಡು ಒದ್ದಾಡಿರಬೇಕು. ಎಕ್ಸ್‌ರೇಯಲ್ಲಿ ಮೂಳೆ ಮುರಿದದ್ದು ಕಂಡಿತು.

ಆದ್ದರಿಂದ ಹೀಗೆ ನೋಡಿ. ಬಾತುಕೋಳಿ ನೀರಿನಿಂದ ಎದ್ದು ಬಂದು, ಮೈ ಕೊಡವಿ, ಗರಿ ಓರಣ ಮಾಡಿಕೊಂಡು ನಿಂತಾಗ ಹಿಂದಿನಿಂದ ನೋಡಬೇಕು. ಎರಡು ರೆಕ್ಕೆಯ ತುದಿಗಳು ಬಾಲದ ಮೇಲೆ ಒಂದನ್ನೊಂದು ಮುಟ್ಟುವಂತಿದ್ದರೆ ಸರಿ. ತುದಿಯ ಗರಿಗಳು ಮಾತ್ರ ಕತ್ತಿಯಂತೆ ಬದಿಗೆ ಚಾಚಿದ್ದು, ಬಾತು ಎಂದಿನಂತೆ ತಿನ್ನುತ್ತ, ಎರಡೂ ರೆಕ್ಕೆ ಬಡಿಯುತ್ತ, ಮುಟ್ಟಿದರೆ ನೋವು ತೋರಿಸದೆ ಇದ್ದರೆ ಅದು ಮಗುಚಿದ ರೆಕ್ಕೆ. ಅದು ಒಂದು ರಾತ್ರಿಯಲ್ಲಿ ಬರುವುದಿಲ್ಲ. ಬೆಳೆದ ಬಾತಿನಲ್ಲಿ ಇದ್ದರೆ ಮರಿಯಾಗಿದ್ದಾಗಿನಿಂದ ಇರುತ್ತದೆ. ನೆನ್ನೆ ಸರಿಯಿದ್ದ ರೆಕ್ಕೆ ಇಂದು ಕೆಳಕ್ಕೆ ಜೋತಿದೆ, ಒಂದೇ ಬದಿ, ಬಿಸಿ, ಬಾವು ಎಂದರೆ ಪೆಟ್ಟು. ಎರಡು ಮೂರು ದಿನದ ಮೇಲೆ ಚರ್ಮ ಹಸಿರಾಗಿ ಕಂಡರೆ ಹೆದರಬೇಡಿ, ಕೊಳೆತದ್ದಲ್ಲ. ಹಕ್ಕಿಗಳಲ್ಲಿ ಹೆಪ್ಪುಗಟ್ಟಿದ ರಕ್ತ ನಮ್ಮ ಹಾಗೆ ನೀಲಿಯಾಗಿ ಉಳಿಯದೆ ಹಸಿರಿಗೆ ತಿರುಗುತ್ತದೆ.

ಇನ್ನೆರಡು ಸುಳ್ಳು ಗಾಬರಿಗಳಿವೆ. ಏಪ್ರಿಲ್, ಮೇ ತಿಂಗಳ ಸೆಕೆಗೆ ಬಾತುಗಳು ಎರಡೂ ರೆಕ್ಕೆಯನ್ನು ಮೈಯಿಂದ ಬಿಡಿಸಿ, ಕೊಕ್ಕು ತೆರೆದು ಏದುಸಿರು ಬಿಡುತ್ತವೆ. ನೆರಳು ಮತ್ತು ತಣ್ಣೀರು ಕೊಟ್ಟರೆ ಅರ್ಧ ಗಂಟೆಯಲ್ಲಿ ರೆಕ್ಕೆ ಸ್ವಸ್ಥಾನಕ್ಕೆ ಬರುತ್ತದೆ. ಇನ್ನೊಂದು ಗರಿ ಉದುರುವ ಕಾಲ. ಬಾತುಗಳು ಹಾರುವ ಗರಿಗಳನ್ನು ಕೋಳಿಯ ಹಾಗೆ ಒಂದೊಂದಾಗಿ ಉದುರಿಸದೆ ಹೆಚ್ಚುಕಡಿಮೆ ಒಟ್ಟಿಗೇ ಉದುರಿಸಿಬಿಡುತ್ತವೆ. ಹೊಸದು ಬರುವಾಗ ರೆಕ್ಕೆ ಭಾರವಾಗಿ ತುಸು ಜೋಲುತ್ತದೆ. ಬಿಟ್ಟುಬಿಡಿ. ಆದರೆ ರೆಕ್ಕೆ ಜೋತಿರುವುದರ ಜೊತೆಗೆ ಬಾತು ತಿನ್ನದೆ ಕುಳಿತಿದ್ದರೆ, ಬೆಳಕಿಗೆ ಕಣ್ಣು ಮುಚ್ಚುತ್ತಿದ್ದರೆ, ನೀರುನೀರಾಗಿ ಭೇದಿಯಾಗುತ್ತಿದ್ದರೆ ಅದು ರೆಕ್ಕೆಯ ಕಾಯಿಲೆಯಲ್ಲ, ಬಾತುಕೋಳಿ ಪ್ಲೇಗ್‌ನಂಥದ್ದು ಇರಬಹುದು. ಆಗ ಉಳಿದವುಗಳಿಂದ ದೂರ ಇಟ್ಟು, ವೈದ್ಯರಿಗೆ ಅದೇ ದಿನ ಹೇಳಿ.

ಹಿಡಿಯುವುದು

ಎಲ್ಲಕ್ಕೂ ಮೊದಲು ಹಿಡಿಯಲು ಬರಬೇಕು. ಕೋಳಿಯನ್ನು ಕಾಲು ಹಿಡಿದು ತೂಗುವ ಅಭ್ಯಾಸವಿದ್ದವರು ಬಾತಿಗೆ ಹಾಗೆ ಮಾಡಬೇಡಿ. ಅದರ ಕಾಲು ಬಲಹೀನ, ಕೀಲು ತಪ್ಪುತ್ತದೆ. ರೆಕ್ಕೆ ಹಿಡಿದು ಎತ್ತುವುದಂತೂ ಇಲ್ಲವೇ ಇಲ್ಲ. ಮುಸ್ಸಂಜೆ ಗೂಡಿಗೆ ಸೇರಿದ ಮೇಲೆ ಹಳೆಯ ಬೈರಾಸನ್ನು (ಟವೆಲನ್ನು) ಮೈಮೇಲೆ ಹಾಕಿ, ಎರಡೂ ಕೈಯಿಂದ ರೆಕ್ಕೆಗಳನ್ನು ಮೈಗೆ ಒತ್ತಿ ಎತ್ತಿ. ತಲೆ ನಿಮ್ಮ ಬೆನ್ನ ಕಡೆಗೆ, ಬಾಲ ಮುಂದಕ್ಕೆ ಬರುವಂತೆ ಎಡಗಂಕುಳಲ್ಲಿ ಇಟ್ಟುಕೊಳ್ಳಿ. ಬಾಲ ಮುಂದಿರುವುದರಿಂದ ಆಗುವ ಅನಾಹುತಕ್ಕೆ ಆ ಬೈರಾಸು.

ಎದೆಯನ್ನು ಅದುಮಬಾರದು. ಹಕ್ಕಿಗಳಿಗೆ ನಮ್ಮ ಹಾಗೆ ವಪೆ, ಎಂದರೆ ಎದೆ ಹೊಟ್ಟೆಯ ನಡುವೆ ಉಸಿರೆಳೆಯುವ ಸ್ನಾಯು, ಇಲ್ಲ. ಎದೆಯ ಮೂಳೆ ಮುಂದೆ ಹಿಂದೆ ಆಡಿದರೆ ಮಾತ್ರ ಉಸಿರು. ಬಿಗಿಯಾಗಿ ಅಪ್ಪಿಕೊಂಡರೂ, ಮೈ ಸುತ್ತ ಬಿಗಿಯಾಗಿ ಪಟ್ಟಿ ಕಟ್ಟಿದರೂ ಮೂಗು ಬಾಯಿ ಎರಡೂ ತೆರೆದಿರುವಾಗಲೇ ಅದು ಉಸಿರುಗಟ್ಟಿ ಸಾಯಬಹುದು.

ಬೆಳೆದ ಬಾತಿಗೆ ನಾನು ಕಟ್ಟಿದ ಕಥೆ

ಬಜಪೆ ಖಾಕಿ ಕ್ಯಾಂಪ್‌ಬೆಲ್ ಜಾತಿಯವನು. ನಮ್ಮ ಮನೆಗೆ ಬಂದಾಗ ಅವನಿಗೆ ಎಂಟು ತಿಂಗಳು, ರೆಕ್ಕೆ ಆಗಲೇ ಮಗುಚಿತ್ತು. ನನಗೋ ಛಲ. ಎಂಥೆಂಥ ಭುಜ ಏರುಪೇರಾದವರಿಗೂ ಬ್ಲೌಸ್ ಕೂರಿಸಿದವಳು, ಒಂದು ಬಾತಿನ ರೆಕ್ಕೆ ಕೂರಿಸಲಾರೆನೇ? ಜೂನ್, ಜುಲೈಯ 61 ದಿನ ಮೀನುಗಾರಿಕೆ ನಿಷೇಧ ಇರುವುದರಿಂದ ಯಜಮಾನರು ಮನೆಯಲ್ಲಿದ್ದರು. ಅವರು ಹಿಡಿದರು, ನಾನು ಸುತ್ತಿದೆ. ಮೆತ್ತನೆಯ ಕಾಟನ್ ಪಟ್ಟಿ, ಮೇಲೆ ಕ್ರೇಪ್ ಬ್ಯಾಂಡೇಜ್. ಕಟ್ಟು ಹಾಕಿದ್ದು ಅವರು. ಬಲೆಯ ಗಂಟು, ಬಿಚ್ಚುವ ಮಾತೇ ಇಲ್ಲ.

ಹದಿನೆಂಟು ದಿನ. ಮಳೆಗಾಲದಲ್ಲಿ ಒದ್ದೆಯಾದ ಬ್ಯಾಂಡೇಜು ಒಣಗುವುದೆಂದರೇನು? ಎಂಟನೇ ದಿನಕ್ಕೆ ವಾಸನೆ ಬಂತು, ಬದಲಿಸಿದೆ. ಹದಿನೆಂಟನೇ ದಿನ ಬಿಚ್ಚಿದಾಗ ಮಣಿಕಟ್ಟಿನ ಒಳಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಚರ್ಮ ಸುಲಿದು ಕೆಂಪಾಗಿತ್ತು. ಮೊಣಕೈ ಮರಗಟ್ಟಿ ಪೂರ್ತಿ ಬಿಡಿಸಲು ಬರುತ್ತಿರಲಿಲ್ಲ. ರೆಕ್ಕೆ ಮಾತ್ರ ಮೈಗೆ ಅಂಟಿ ಚೆನ್ನಾಗಿ ಕೂತಿತ್ತು. ಅದನ್ನು ನೋಡಿ ನಾವಿಬ್ಬರೂ ಚಹಾ ಕುಡಿದೆವು. ಚಹಾ ಮುಗಿಯುವ ಹೊತ್ತಿಗೆ ಬಜಪೆ ಒಮ್ಮೆ ಮೈ ಕೊಡವಿದ, ಗರಿಗಳು ಹಳೆಯ ಜಾಗಕ್ಕೆ ಹೋಗಿ ನಿಂತವು.

ವೈದ್ಯರು ನೋಡಿ ಬೈಯಲಿಲ್ಲ, ಅದೇ ಹೆಚ್ಚು. ಅವರು ಹೇಳಿದ್ದು ಇಷ್ಟು: ಮೂಳೆ ತಿರುಚಿಯೇ ಗಟ್ಟಿಯಾಗಿದೆ, ಇದನ್ನು ತಿರುಗಿಸಬೇಕಾದರೆ ಅರಿವಳಿಕೆ ಕೊಟ್ಟು, ಮೂಳೆ ಕತ್ತರಿಸಿ, ಪಿನ್ ಹಾಕಿ ಕೂರಿಸಬೇಕು, ಇಲ್ಲವೇ ಮಣಿಕಟ್ಟಿನಿಂದ ಮುಂದಿನ ಭಾಗವನ್ನೇ ತೆಗೆಯಬೇಕು. ರೆಕ್ಕೆಯ ತುದಿ ಪದೇ ಪದೇ ಗಾಯವಾಗಿ ವಾಸಿಯಾಗದೆ ಇದ್ದರೆ ಮಾತ್ರ ಅದರ ಯೋಚನೆ. ಚಂದಕ್ಕಾಗಿ ಅಲ್ಲ. ಹೇಗೂ ಹಾರಾಟ ಅವನ ಕಸುಬಲ್ಲ, ರೆಕ್ಕೆ ಹೀಗಿದ್ದರೂ ಈಜುತ್ತಾನೆ, ತಿನ್ನುತ್ತಾನೆ, ಹೆಣ್ಣುಗಳ ಹಿಂದೆ ಓಡುತ್ತಾನೆ. ನಮಗೆ ಸಂಕಟವೇ ಹೊರತು ಅವನಿಗಲ್ಲ.

ಕತ್ತರಿಸುವುದು

ತೊಂದರೆ ಇರುವುದು ಚಾಚಿಕೊಂಡ ಗರಿಗಳಲ್ಲಿ. ಅವು ಬೇಲಿಗೆ ಸಿಕ್ಕಿಕೊಳ್ಳುತ್ತವೆ, ಕೆಸರು ಎಳೆಯುತ್ತವೆ, ಇತರ ಬಾತುಗಳು ಅವನ್ನು ಕಚ್ಚಿ ಎಳೆಯುತ್ತವೆ. ಅದಕ್ಕೆ ಮದ್ದು ಕತ್ತರಿ. ಬಟ್ಟೆಯ ಕತ್ತರಿ ಬೇಡ. ಗರಿಯ ದಿಂಡಿಗೆ ಅದರ ಬಾಯಿ ಹೋಗುತ್ತದೆ, ಆಮೇಲೆ ರೇಷ್ಮೆ ಹಿಂಜುತ್ತದೆ. ಮೊಂಡೂ ಬೇಡ, ಮೊಂಡು ಕತ್ತರಿ ದಿಂಡನ್ನು ಸೀಳುತ್ತದೆ. ಗಟ್ಟಿಮುಟ್ಟಾದ, ಚೂಪಾದ, ಬೇರೆಯೇ ಒಂದು ಕತ್ತರಿ ಇಟ್ಟುಕೊಳ್ಳಿ.

ಹಗಲಿನ ಬೆಳಕಿನಲ್ಲಿ ಮಾಡಬೇಕಾದ ಕೆಲಸ. ಬಾತನ್ನು ಮಡಿಲಲ್ಲಿಟ್ಟು ಒಬ್ಬರು ಹಿಡಿಯಲಿ. ನೀವು ರೆಕ್ಕೆಯನ್ನು ಮೆಲ್ಲನೆ ಬಿಡಿಸಿ, ಸೂರ್ಯನ ಕಡೆಗೆ ಹಿಡಿದು, ಒಂದೊಂದು ಗರಿಯ ಬುಡವನ್ನೂ ನೋಡಿ. ಪೂರ್ತಿ ಬೆಳೆದ ಗರಿಯ ದಿಂಡು ಒಣಗಿದ ಹುಲ್ಲಿನ ಕಡ್ಡಿಯಂತೆ ಬಿಳಿಚಿ, ಟೊಳ್ಳಾಗಿ, ಬೆಳಕು ಹಾಯುವಂತಿರುತ್ತದೆ. ಇದನ್ನು ಕತ್ತರಿಸಿದರೆ ನಮ್ಮ ಉಗುರು ಕತ್ತರಿಸಿದಷ್ಟೇ. ಇನ್ನೂ ಬೆಳೆಯುತ್ತಿರುವ ಗರಿಯ ದಿಂಡು ನೀಲಿಗಪ್ಪು, ದಪ್ಪ, ಮುಟ್ಟಿದರೆ ಮೆತ್ತಗೆ, ಮೇಲೆ ಮೇಣದಂಥ ಸಿಪ್ಪೆ. ಅದರೊಳಗೆ ರಕ್ತ ಓಡುತ್ತಿದೆ. ಅದಕ್ಕೆ ಕತ್ತರಿ ಹಾಕಿದಿರೋ, ನಲ್ಲಿ ಬಿಟ್ಟಂತೆ ಸುರಿಯುತ್ತದೆ. ಒಂದೇ ರೆಕ್ಕೆಯಲ್ಲಿ ಬಿಳಿ ಏಳು, ನೀಲಿ ಮೂರು ಇದ್ದರೆ ಬಿಳಿಯದನ್ನು ಮಾತ್ರ ಕತ್ತರಿಸಿ, ಉಳಿದದ್ದಕ್ಕೆ ಎರಡು ಮೂರು ವಾರ ಕಾಯಿರಿ.

ಒಟ್ಟಿಗೆ ಹಿಡಿದು ಕರ್ರನೆ ಕತ್ತರಿಸುವುದು ಸುಲಭ, ಆದರೆ ಕೆಳಗೆ ಅವಿತಿರುವ ನೀಲಿ ಗರಿ ಕಾಣುವುದಿಲ್ಲ. ಒಂದೊಂದಾಗಿ ಬೇರ್ಪಡಿಸಿ. ಬುಡವನ್ನು ಮುಚ್ಚುವ ಚಿಕ್ಕ ಗರಿಗಳ ಸಾಲು ಇದೆಯಲ್ಲ, ಅದರ ಅಂಚಿನ ಹೊರಗೆ, ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಚಿಕ್ಕ ಗರಿಗಳನ್ನು ಮುಟ್ಟಬೇಡಿ. ಕತ್ತರಿಸಿದ ತುದಿಗಳನ್ನು ಅವೇ ಮುಚ್ಚಿಕೊಳ್ಳುತ್ತವೆ, ನೋಡಲೂ ಅಸಹ್ಯವಿಲ್ಲ. ಓರೆಯಾಗಿ ಕತ್ತರಿಸಿದರೆ ತುದಿ ಸೂಜಿಯಾಗಿ ಪಕ್ಕೆಗೆ ಚುಚ್ಚುತ್ತದೆ, ಆದ್ದರಿಂದ ನೇರಕ್ಕೆ. ನಾನು ಉಗುರು ಕತ್ತರಿಯ ಅರದಿಂದ ತುದಿಯನ್ನು ಎರಡು ಸಲ ಉಜ್ಜುತ್ತೇನೆ. ಅಂಚು ಹೊಲಿಯದೆ ಬಟ್ಟೆ ಕೊಟ್ಟು ಅಭ್ಯಾಸವಿಲ್ಲ.

ತಪ್ಪಿ ರಕ್ತ ಬಂದರೆ ಗಾಬರಿ ಬೇಡ. ಮೊದಲೇ ಒಂದು ಬಟ್ಟಲಲ್ಲಿ ಕಾರ್ನ್‌ಫ್ಲೋರ್ ಅಥವಾ ಅಕ್ಕಿ ಹಿಟ್ಟು ಇಟ್ಟುಕೊಂಡಿರಿ. ಒಂದು ಚಿಟಿಕೆ ಹಿಟ್ಟನ್ನು ಕಡಿದ ತುದಿಗೆ ಅದುಮಿ ಐದು ನಿಮಿಷ ಬಿಡದೆ ಹಿಡಿಯಿರಿ. ನಡುನಡುವೆ ತೆಗೆದು ನೋಡಬಾರದು. ನಿಲ್ಲದಿದ್ದರೆ ಆ ಗರಿಯನ್ನು ಬುಡದಿಂದ ಕೀಳಬೇಕಾಗುತ್ತದೆ; ಅದು ನೋವಿನ ಕೆಲಸ, ವೈದ್ಯರು ಮಾಡಲಿ.

ಕತ್ತರಿಸಿದ್ದು ಮುಂದಿನ ಸಲ ಗರಿ ಉದುರುವವರೆಗೆ ಹಾಗೇ ಇರುತ್ತದೆ. ಆಮೇಲೆ ಹೊಸದು, ಮತ್ತೆ ಅದೇ ದಿಕ್ಕಿಗೆ. ಮತ್ತೆ ಕತ್ತರಿ. ವರ್ಷಕ್ಕೊಮ್ಮೆ ಅರ್ಧ ಗಂಟೆಯ ಕೆಲಸ.

ಗಾಯ, ಎಣ್ಣೆ, ಹುಳ

ನಮ್ಮ ಊರಲ್ಲಿ ಯಾವ ಗಾಯಕ್ಕೂ ಮೊದಲ ಮದ್ದು ತೆಂಗಿನೆಣ್ಣೆ. ಬಾತಿಗೆ ಮಾತ್ರ ಬೇಡ. ಅದರ ಗರಿಗಳಲ್ಲಿ ನೀರು ನಿಲ್ಲದಿರುವುದು ಎಳೆಎಳೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುವುದರಿಂದ. ಜೊತೆಗೆ ಬಾಲದ ಬುಡದ ಗ್ರಂಥಿಯಿಂದ ಕೊಕ್ಕಿನಲ್ಲಿ ತೆಗೆದು ಬಳಿದುಕೊಳ್ಳುವ ಜಿಡ್ಡು. ಹೊರಗಿನ ಎಣ್ಣೆ ಬಿದ್ದರೆ ಎಳೆಗಳು ಅಂಟಿಕೊಂಡು ಸಾಲು ಒಡೆಯುತ್ತದೆ, ನೀರು ಒಳಗಿಳಿಯುತ್ತದೆ, ಬಾತು ಒದ್ದೆ ಕಂಬಳಿಯಾಗುತ್ತದೆ. ಬೇವಿನೆಣ್ಣೆಗೂ ಇದೇ ಮಾತು. ಮಣಿಕಟ್ಟಿನಲ್ಲಿ ಸುಲಿದ ಗಾಯವಿದ್ದರೆ ಉಗುರು ಬೆಚ್ಚಗಿನ ಉಪ್ಪು ನೀರಿನಲ್ಲಿ ತೊಳೆದು, ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ಹಚ್ಚಿ.

ಮಳೆಗಾಲದಲ್ಲಿ ಗಾಯವನ್ನು ದಿನಕ್ಕೆರಡು ಸಲ ನೋಡಲೇಬೇಕು. ನೊಣ ಕೂತು ಮೊಟ್ಟೆ ಇಟ್ಟರೆ ಮರುದಿನವೇ ಹುಳ. ಗರಿ ಮುಚ್ಚಿರುವುದರಿಂದ ಕಣ್ಣಿಗಿಂತ ಮೂಗಿಗೆ ಮೊದಲು ಗೊತ್ತಾಗುತ್ತದೆ.

ಮೂಳೆ ಮುರಿದಿದ್ದರೆ

ಇಲ್ಲಿ ಮಾತ್ರ ಬೆಳೆದ ಬಾತಿಗೂ ಕಟ್ಟು ಬೇಕು, ಅದೂ ವೈದ್ಯರು ಹಾಕಿದ್ದು. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಮೂಳೆಗಳಿವೆ. ಬೆಳ್ಳಿಗೆ ದಪ್ಪದ್ದು ಮುರಿದಿತ್ತು, ತೆಳ್ಳಗಿನದು ಉಳಿದಿತ್ತು. ಉಳಿದದ್ದೇ ಮುರಿದದ್ದಕ್ಕೆ ಅಡ್ಡಪಟ್ಟಿಯ ಹಾಗೆ ಆಧಾರ ಕೊಡುತ್ತದೆ, ಅದೃಷ್ಟ ಎಂದರು ವೈದ್ಯರು. ರೆಕ್ಕೆಯನ್ನು ಸಹಜವಾಗಿ ಮಡಚಿ, ಪಟ್ಟಿಯನ್ನು ಮಡಿಕೆಯ ಸುತ್ತ ಕಂಕುಳಿನ ಹತ್ತಿರದಿಂದ ಒಂದು ಸುತ್ತು ತಂದು, ಓರೆಯಾಗಿ ಮಣಿಕಟ್ಟಿನ ಮೇಲೆ ಹಾಯಿಸಿ, ಕೆಳಗಿನಿಂದ ಮತ್ತೊಂದು ಸುತ್ತು. ಇಂಗ್ಲಿಷಿನ 8ರ ಅಂಕಿ ಮಲಗಿಸಿದ ಆಕಾರ. ಅಂಟುವ ಪ್ಲಾಸ್ಟರ್ ಗರಿಗೆ ತಾಗಿಸಬಾರದು, ಕೀಳುವಾಗ ಗರಿಯೂ ಬರುತ್ತದೆ. ತನಗೆ ತಾನೇ ಅಂಟಿಕೊಳ್ಳುವ ಬ್ಯಾಂಡೇಜು ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಅದು ಒಳ್ಳೆಯದು. ಹಕ್ಕಿಯ ಮೂಳೆ ನಮ್ಮದಕ್ಕಿಂತ ಬೇಗ ಕೂಡುತ್ತದೆ. ಬೆಳ್ಳಿಗೆ ಮೂರು ವಾರ ಸಾಕಾಯಿತು. ಅಷ್ಟು ದಿನ ಈಜಿಲ್ಲ, ಅಗಲವಾದ ಬಟ್ಟಲಲ್ಲಿ ಕೊಕ್ಕು ಮೂಗು ಮುಳುಗಿಸಲು ನೀರು ಮಾತ್ರ. ರೆಕ್ಕೆ ಈಗಲೂ ತುಸು ಕೆಳಗಿದೆ.

ವೈದ್ಯರನ್ನು ತಲುಪುವ ಮೊದಲು ನೀವು ಮಾಡಬೇಕಾದ್ದು ಹೆಚ್ಚಿಲ್ಲ. ತಳಕ್ಕೆ ಬಟ್ಟೆ ಹಾಸಿದ ರಟ್ಟಿನ ಪೆಟ್ಟಿಗೆ, ಕತ್ತಲು, ಮೌನ. ಭುಜದ ಹತ್ತಿರದ ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ಅಲ್ಲಿಗೆ ನೀರಾಗಲಿ ಔಷಧವಾಗಲಿ ಸುರಿಯಬೇಡಿ. ಆ ಮೂಳೆ ಟೊಳ್ಳು, ಅದರ ಒಳಗು ಉಸಿರಿನ ಗಾಳಿಚೀಲಕ್ಕೆ ಸೇರಿಕೊಂಡಿದೆ. ಸುರಿದದ್ದು ಪುಪ್ಪುಸದ ದಾರಿ ಹಿಡಿಯುತ್ತದೆ. ಒಣ ಬಟ್ಟೆ ಮುಚ್ಚಿ ಕರೆದೊಯ್ಯಿರಿ. ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಪುಡಿ ಮಾಡಿ ಕೊಡುವವರಿದ್ದಾರೆ, ಹಾಗೆ ಮಾಡಬೇಡಿ. ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಇದ್ದ ಹಸುವಿನ ಹೆಣ ತಿಂದು ರಣಹದ್ದುಗಳ ಸಂತಾನವೇ ಅಳಿಯುವ ಸ್ಥಿತಿಗೆ ಬಂದದ್ದರಿಂದ 2006ರಲ್ಲಿ ಅದನ್ನು ಪಶುಚಿಕಿತ್ಸೆಯಲ್ಲಿ ನಿಷೇಧಿಸಿದರು. ಹಕ್ಕಿಯ ನೋವಿಗೆ ಬೇರೆ ಔಷಧವಿದೆ, ತೂಕ ನೋಡಿ ವೈದ್ಯರೇ ಕೊಡಬೇಕು. ಊರಲ್ಲಿ ವೈದ್ಯರಿಲ್ಲದಿದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಅಂಗಳ

ಮಗುಚಿದ ರೆಕ್ಕೆಯ ಬಾತು ತನ್ನ ಅಗಲವನ್ನು ತಾನು ತಿಳಿದಿರುವುದಿಲ್ಲ. ಗೂಡಿನ ಬಾಗಿಲನ್ನು ಒಂದೂವರೆ ಅಡಿಗೆ ಅಗಲ ಮಾಡಿಸಿದೆವು. ಮುರಕಲ್ಲಿನ ಗೋಡೆಗೆ ಉಜ್ಜಿ ಗಾಯವಾಗುತ್ತಿದ್ದ ಮೂಲೆಗೆ ಗೋಣಿ ಹೊಡೆದೆವು. ಬಲೆಯನ್ನು ತೆಗೆದು, ಬೆರಳು ತೂರದಷ್ಟು ಸಣ್ಣ ಕಣ್ಣಿನ ಜಾಲರಿ ಬಿಗಿದು ಹಾಕಿದೆವು. ಕೆರೆಗೆ ಇಳಿಯಲು ಅಡಿಕೆ ಮರದ ಸೀಳುಪಟ್ಟಿಗಳ ಏಣಿ ಇದೆ. ರೆಕ್ಕೆ ಬೀಸಿ ಹತ್ತುವ ಕಷ್ಟ ಅವನಿಗಿಲ್ಲ. ಅವನ ಮೊಟ್ಟೆಗಳನ್ನು, ಎಂದರೆ ಅವನಿಂದಾದ ಮೊಟ್ಟೆಗಳನ್ನು, ನಾವು ಮರಿಗೆ ಇಡುವುದಿಲ್ಲ. ವಂಶದಲ್ಲಿಯೂ ಇದು ಬರುತ್ತದೆ ಎನ್ನುತ್ತಾರೆ. ಆಮ್ಲೆಟ್‌ಗೆ ಏನೂ ತೊಂದರೆಯಿಲ್ಲ.

ಮರಿಗಳಲ್ಲಿ ಕಂಡರೆ

ಮರಿಗೆ ಮಾತ್ರ ಕಟ್ಟಿ, ಮತ್ತು ಕಂಡ ದಿನವೇ ಕಟ್ಟಿ. ಬೆಳ್ಳಿಗೆ ಹೇಳಿದ ಅದೇ 8ರ ಸುತ್ತು, ಒಂದು ಅಂಗುಲ ಅಗಲದ ಪಟ್ಟಿ, ಮಡಚಿದ ರೆಕ್ಕೆಗೆ ಮಾತ್ರ, ಮೈಗೆ ಸುತ್ತದೆ. ಪಟ್ಟಿಯ ಅಡಿಗೆ ನಿಮ್ಮ ಕಿರುಬೆರಳಿನ ತುದಿ ಹೋಗಬೇಕು. ಮೊದಲ ಅರ್ಧ ಗಂಟೆ ಮರಿ ಹಿಂದಕ್ಕೆ ನಡೆಯುತ್ತದೆ, ಬೀಳುತ್ತದೆ, ನಿಮಗೆ ಶಾಪ ಹಾಕುತ್ತದೆ, ಆಮೇಲೆ ಮರೆತುಬಿಡುತ್ತದೆ. ಒಂದು ದಿನ ಬಿಟ್ಟು ಒಂದು ದಿನ ಬಿಚ್ಚಿ, ರೆಕ್ಕೆ ಬಡಿಯಲು ಬಿಟ್ಟು, ಚರ್ಮ ನೋಡಿ ಮತ್ತೆ ಕಟ್ಟಿ. ಬೇಗ ಕಂಡದ್ದಾದರೆ ಮೂರರಿಂದ ಐದು ದಿನದಲ್ಲಿ ಕೂರುತ್ತದೆ. ಎರಡು ವಾರ ಕಟ್ಟಿಯೂ ಕೂರದಿದ್ದರೆ ಕಾಲ ಮೀರಿದೆ ಎಂದುಕೊಂಡು ಬಿಡಿ.

ಕಟ್ಟುವುದರ ಜೊತೆ ತಿನ್ನುವುದನ್ನೂ ಬದಲಿಸದಿದ್ದರೆ ಪ್ರಯೋಜನವಿಲ್ಲ. ಕಾರಣ ಆಹಾರ ಒಂದೇ ಎಂದು ಯಾರೂ ಬೆರಳಿಟ್ಟು ತೋರಿಸಿಲ್ಲ, ಆದರೆ ನಾನು ಕಂಡ ಮಗುಚಿದ ರೆಕ್ಕೆಗಳೆಲ್ಲ ಗುಳ್ಳದ, ಎಂದರೆ ನಮ್ಮೂರಿನ ಬದನೆಯ, ಕಾಲದವು. ನಮ್ಮ ಮನೆ ಉಡುಪಿ ಹತ್ತಿರದ ಕಟಪಾಡಿಯಿಂದ ಮಟ್ಟುವಿಗೆ ಇಳಿಯುವ ದಾರಿಯಲ್ಲಿದೆ. ಏಣೆಲು, ಎಂದರೆ ಮಳೆಗಾಲದ ಭತ್ತದ, ಬೆಳೆ ಕಟಾವಾಗಿ ಗದ್ದೆಯಲ್ಲಿ ಗುಳ್ಳದ ಸಸಿ ನೆಟ್ಟರೆಂದರೆ ನಮ್ಮ ಬಾತುಗಳಿಗೆ ಗೃಹಬಂಧನ. 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಗುರುತು ಸಿಕ್ಕ ಮೇಲೆ ಒಂದು ಗಿಡ ತುಳಿದರೂ ಪಂಚಾಯಿತಿ. ಆ ಕಾಲದಲ್ಲಿ ಹುಟ್ಟಿದ ಮರಿ ಗದ್ದೆ ಸುತ್ತುವುದಿಲ್ಲ, ಹುಳ ಬಸವನಹುಳು ಹೆಕ್ಕುವುದಿಲ್ಲ, ಗೂಡಿನಲ್ಲಿ ಕುಳಿತು ಬ್ರಾಯ್ಲರ್ ಕೋಳಿಯ ಆಹಾರ ತಿನ್ನುತ್ತದೆ. ಅದರ ಮೊದಲ ಹಂತದ ಚೀಲದಲ್ಲಿ ಶೇ. 22–23ರಷ್ಟು ಪ್ರೋಟೀನ್ ಇರುತ್ತದೆ. ಬಾತು ಮರಿಗೆ ಮೊದಲ ಎರಡು ಮೂರು ವಾರ ಶೇ. 20 ಸಾಕು, ಆಮೇಲೆ 16ರ ಆಸುಪಾಸಿಗೆ ಇಳಿಸಬೇಕು. ನಾನು ಮೂರನೇ ವಾರದಿಂದ ತೌಡು, ನುಚ್ಚು ಬೆರೆಸಿ ಅದನ್ನು ತೆಳುವಾಗಿಸುತ್ತೇನೆ, ಹರಿವೆ ಸೊಪ್ಪು, ಬಸಳೆ, ನೀರಿನ ಮೇಲೆ ಬೆಳೆಯುವ ಅಜೋಲಾ ಹೊಟ್ಟೆ ತುಂಬ ಕೊಡುತ್ತೇನೆ. ತೌಡಿನಲ್ಲಿ ಮ್ಯಾಂಗನೀಸ್ ಇದೆ, ಮಣಿಕಟ್ಟಿನ ಮೂಳೆಗೆ ಅದು ಬೇಕು. ವಾರಕ್ಕೆರಡು ಸಲ ಬೇಯಿಸಿದ ಭೂತಾಯಿ ಮೀನಿನ ತಲೆ. ಹಿಂಡಿ ಕೊಡುವವರು ಮಳೆಗಾಲದಲ್ಲಿ ಮೂಸಿ ನೋಡಿ ಕೊಡಿ. ಬೂಷ್ಟು ಹಿಡಿದ ನೆಲಗಡಲೆ ಹಿಂಡಿಯ ವಿಷ ಕೋಳಿಗಿಂತ ಬಾತಿಗೆ ಬಹಳ ಬೇಗ ತಾಗುತ್ತದೆ, ಮರಿಗಳು ಒಂದೇ ವಾರದಲ್ಲಿ ಹೋಗಬಹುದು.

ಇದೆಲ್ಲ ಜಾರಿಗೆ ತರುವಾಗ ಅಡ್ಡಿಯಾದದ್ದು ನಮ್ಮ ಅತ್ತೆ. ಅವರು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮರಿಗಳಿಗೆ ಕುಚ್ಚಲಕ್ಕಿ ಅನ್ನ ಉಂಡೆ ಮಾಡಿ ಹಾಕುತ್ತಿದ್ದರು. ಬರೀ ಅನ್ನದಲ್ಲಿ ಹೊಟ್ಟೆ ತುಂಬಿದರೆ ಸೊಪ್ಪು ಮುಟ್ಟುವುದಿಲ್ಲ, ಎಂಟು ವಾರದವರೆಗೆ ಅನ್ನ ಬೇಡ ಎಂದೆ. ಅವರು ಕೈತೊಳೆದುಕೊಳ್ಳುತ್ತ, "ಅನ್ನ ತಿಂದರೆ ರೆಕ್ಕೆ ಮಗುಚುವುದಾದರೆ ನಿನ್ನ ಗಂಡನ ಕೈ ಯಾವಾಗಲೋ ಮಗುಚಬೇಕಿತ್ತು ಮಾರಾಯ್ತಿ" ಎಂದರು. ಎರಡು ದಿನ ಮಾತಿಲ್ಲ. ಮೂರನೇ ದಿನದಿಂದ ಅನ್ನದ ಉಂಡೆ ಬಜಪೆಗೆ ಮಾತ್ರ, ದಿನಕ್ಕೊಂದು, ಲಿಂಬೆಕಾಯಿ ಗಾತ್ರದ್ದು. ಅವನದು ಹೇಗೂ ಮಗುಚಿ ಆಗಿದೆಯಲ್ಲ ಎನ್ನುತ್ತಾರೆ.